ಕೊಟ್ಟ ಬೆಲೆ ನೋಡಿ ಆಡಿಸಬೇಡಿ, ಆಟ ನೋಡಿ ಬೆಲೆ ಕಟ್ಟಿ

1/10

ಎನ್‌ಎಫ್‌ಎಲ್‌ಗೆ ಹೊಸ ರನ್ನಿಂಗ್ ಬ್ಯಾಕ್ ಒಬ್ಬ ಬಂದ ತಕ್ಷಣ ಜನ ಕೇಳೋ ಮೊದಲನೇ ಪ್ರಶ್ನೆ: "ಎಷ್ಟನೇ ಪಿಕ್ ಗುರು?" ಎರಡನೇದು: "ರೀಲ್ ಇದ್ರೆ ಕಳ್ಸು." ಇವೆರಡಕ್ಕೆ ಉತ್ತರ ಸಿಕ್ಕಿದ್ರೆ ಮುಗೀತು, ತೀರ್ಪು ರೆಡಿ. ಮೊದಲ ರೌಂಡಿನವನಾದ್ರೆ "ಇವನನ್ನ ಯಾಕೆ ಕೂರಿಸಿದ್ದಾರೆ, ಕೋಚ್‌ಗೆ ಬುದ್ಧಿ ಇಲ್ವಾ?" ಕೊನೆ ರೌಂಡಿನವನಾದ್ರೆ "ಸುಮ್ನೆ ಲೆಕ್ಕಕ್ಕೆ ಇಟ್ಕೊಂಡಿದಾರೆ ಬಿಡು." ಮೂರು ಆಟ ಸರಿಯಾಗಿ ಓಡದಿದ್ರೆ ಇಬ್ಬರಿಗೂ ಒಂದೇ ಹಣೆಪಟ್ಟಿ: "ಬಸ್ಟ್".

ನಮ್ಮ ಗ್ರೂಪಲ್ಲೂ ಇದೇ ನಡೀತಿದೆ. ಭಾನುವಾರ ರಾತ್ರಿ ಹತ್ತೂವರೆಗೆ ಆಟ ಶುರುವಾದ್ರೆ ಹನ್ನೊಂದಕ್ಕೆಲ್ಲ ಜಡ್ಜ್‌ಮೆಂಟ್ ಬಂದಿರುತ್ತೆ. ಅದಕ್ಕೆ ಈ ಸೀರೀಸ್. ಹತ್ತು ಕ್ಯಾಪ್ಷನ್, ಒಂದೇ ವಾದ:

ಹೊಸಬನಿಗೆ ಎಷ್ಟು ಹೊತ್ತು ಆಡೋಕೆ ಸಿಗಬೇಕು ಅನ್ನೋದನ್ನ ಅವನು ಎಷ್ಟನೇ ನಂಬರಲ್ಲಿ ಆಯ್ಕೆಯಾದ ಅನ್ನೋದು ತೀರ್ಮಾನ ಮಾಡಬಾರದು. ಅವನ ಹಳೇ ರೀಲ್ ಕೂಡ ಮಾಡಬಾರದು. ಈಗ, ಈ ತಂಡದಲ್ಲಿ, ಕೊಟ್ಟ ಕೆಲಸ ಮಾಡ್ತಿದಾನಾ ಇಲ್ವಾ? ಅಷ್ಟೇ ನೋಡಬೇಕು.

"ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಅಂತೀರಾ? ಗೊತ್ತಿದ್ದೂ ಲಕ್ಷಗಟ್ಟಲೆ ಡಾಲರ್ ಸಂಬಳ ತಗೊಳ್ಳೋ ಮ್ಯಾನೇಜರ್‌ಗಳೇ ಇಲ್ಲಿ ಎಡವಿದ್ದಾರೆ. ಉದಾಹರಣೆ ಸಮೇತ ಹೇಳ್ತೀನಿ, ಸ್ವೈಪ್ ಮಾಡ್ತಾ ಬನ್ನಿ.

2/10

ಹೊಸದಾಗಿ ನೋಡೋರಿಗೆ ಮೊದಲು ಎರಡು ವಿಷಯ. ಗೊತ್ತಿರೋರು ಮೂರಕ್ಕೆ ಹೋಗಿ.

ಒಂದು, ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜಲ್ಲ. ಇಲ್ಲಿ ಯಾರೂ ಕೈ ಎತ್ತಿ ಬೆಲೆ ಕೂಗಲ್ಲ. 32 ತಂಡ, 7 ರೌಂಡ್. ಹಿಂದಿನ ವರ್ಷ ಚೆನ್ನಾಗಿ ಸೋತ ತಂಡಕ್ಕೆ ಮೊದಲ ಆಯ್ಕೆ, ಗೆದ್ದವರಿಗೆ ಕೊನೇಲಿ. ಕಾಲೇಜ್ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೋತಾ ಹೋಗ್ತಾರೆ. ಆರಿಸೋ ಸರದಿಯೇ ಇಲ್ಲಿ ದುಡ್ಡಿದ್ದ ಹಾಗೆ. ಮೊದಲ ರೌಂಡಿನ ಸರದೀನ ಒಬ್ಬನ ಮೇಲೆ ಖರ್ಚು ಮಾಡಿದ್ರೆ ಅದೇ ಜಾಗದಲ್ಲಿ ಸಿಗಬಹುದಾಗಿದ್ದ ಬೇರೆಯವರೆಲ್ಲ ಕೈ ತಪ್ಪಿದ ಹಾಗೆ.

ಎರಡು, ರನ್ನಿಂಗ್ ಬ್ಯಾಕ್ ಅಂದ್ರೆ ಯಾರು? ಹತ್ತು ಯಾರ್ಡ್ ಮುಂದೆ ಹೋಗೋಕೆ ತಂಡಕ್ಕೆ ನಾಲ್ಕು ಪ್ರಯತ್ನ ಸಿಗುತ್ತೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನ ಎಸೀಬಹುದು, ಇಲ್ಲಾ ಪಕ್ಕದಲ್ಲಿರೋ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಅವನು ಅದನ್ನ ಎದೆಗೊತ್ತಿಕೊಂಡು ಗುಂಪಿನೊಳಗೆ ನುಗ್ಗಬೇಕು.

ಕಬಡ್ಡಿ ರೈಡರ್ ಥರಾನಾ ಅಂತ ಕೇಳ್ತಾರೆ. ಅಲ್ಲ. ನಮ್ಮ ರೈಡರ್ ಒಬ್ಬನೇ ಏಳು ಜನರ ಎದುರಿಗೆ ಹೋಗ್ತಾನೆ, ತಂದ ಪಾಯಿಂಟ್‌ಗೆ ಅವನೇ ಹೊಣೆ. ರನ್ನಿಂಗ್ ಬ್ಯಾಕ್‌ಗೆ ಮುಂದೆ ಐದು ಜನ ದಡೂತಿ ಲೈನ್‌ಮನ್‌ಗಳು ಗೋಡೆ ತಳ್ಳಿ ಸಂದು ಮಾಡಿಕೊಡಬೇಕು. ಸಂದು ತೆರೆದ್ರೆ ಯಾರ್ಡ್. ತೆರೀದಿದ್ರೆ ದೇವರೇ ಬಂದ್ರೂ ಎರಡು ಯಾರ್ಡೇ.

ಇದನ್ನ ತಲೇಲಿಟ್ಕೊಳ್ಳಿ. ಮುಂದೆ ಬರೋ ಪ್ರತಿ ನಂಬರಿಗೂ ಇದು ಬೇಕು.

3/10

ಈಗ ಇಬ್ಬರು ಹುಡುಗರು. ಒಂದೇ ತಂಡ, ಕ್ಯಾನ್ಸಸ್ ಸಿಟಿ ಚೀಫ್ಸ್.

ಮೊದಲನೆಯವನು ಕ್ಲೈಡ್ ಎಡ್ವರ್ಡ್ಸ್-ಎಲೇರ್. 2020ರ ಡ್ರಾಫ್ಟ್, ಮೊದಲ ರೌಂಡು, 32ನೇ ಆಯ್ಕೆ. ಎಲ್‌ಎಸ್‌ಯುನಲ್ಲಿ 2019ರಲ್ಲಿ 215 ಸಲ ಓಡಿ 1414 ಯಾರ್ಡ್, 16 ಟಚ್‌ಡೌನ್. ಒಂದು ಓಟಕ್ಕೆ ಸರಾಸರಿ ಆರೂವರೆ ಯಾರ್ಡ್‌ಗಿಂತ ಜಾಸ್ತಿ. ಜೊತೆಗೆ 55 ಕ್ಯಾಚ್.

ಎರಡನೆಯವನು ಐಸಾಯ ಪಚೆಕೊ. 2022ರ ಡ್ರಾಫ್ಟ್, ಏಳನೇ ರೌಂಡು, 251ನೇ ಆಯ್ಕೆ. ಆ ವರ್ಷ ಒಟ್ಟು ಆಯ್ಕೆಯಾದವರೇ 262 ಜನ. ಅಂದ್ರೆ ಇನ್ನು ಹನ್ನೊಂದು ಹೆಸರು ಕೂಗಿದ್ರೆ ಬಾಗಿಲು ಬಂದ್. ರಟ್ಗರ್ಸ್ ಕಾಲೇಜು. 2021ರಲ್ಲಿ 167 ಓಟಕ್ಕೆ 647 ಯಾರ್ಡ್, ಸರಾಸರಿ 4 ಕೂಡ ಇಲ್ಲ.

ಬರೀ ಈ ಎರಡು ಸಾಲು ತೋರಿಸಿ ಯಾರು ಒಳ್ಳೆಯವನು ಅಂತ ಕೇಳಿದ್ರೆ ಕಣ್ಣು ಮುಚ್ಚಿ ಎಲ್ಲರೂ ಮೊದಲನೆಯವನನ್ನೇ ಹೇಳ್ತಾರೆ. ಆದ್ರೆ ಆ ಯಾರ್ಡ್‌ಗಳು ಹುಟ್ಟಿದ್ದು ಎಲ್ಲಿ ಅಂತ ನೋಡಿ. 2019ರ ಎಲ್‌ಎಸ್‌ಯು 15 ಆಟ ಆಡಿ 15ನ್ನೂ ಗೆದ್ದ ತಂಡ. ಕ್ವಾರ್ಟರ್‌ಬ್ಯಾಕ್ ಜೋ ಬರೋ, ಹೊರಗಡೆ ಜಸ್ಟಿನ್ ಜೆಫರ್ಸನ್, ಜಮಾರ್ ಚೇಸ್. ಎದುರಾಳಿ ಇವರನ್ನ ಕಾಯೋದೋ, ಓಡೋನನ್ನ ಹಿಡಿಯೋದೋ? ಮಧ್ಯದಲ್ಲಿ ರಸ್ತೆ ಖಾಲಿ. ರಟ್ಗರ್ಸ್‌ನಲ್ಲಿ ಇಂಥ ಯಾರೂ ಇರಲಿಲ್ಲ. ಆ ವರ್ಷ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಅಲ್ಲಿ ನಾಲ್ಕು ಯಾರ್ಡ್ ಎಳೆಯೋದೂ ಬೆವರಿನ ಕೆಲಸ.

ಸಿಲ್ಕ್ ಬೋರ್ಡ್ ಟ್ರಾಫಿಕಲ್ಲಿ ಓಡೋ ಬೈಕನ್ನೂ ಖಾಲಿ ಹೈವೇಲಿ ಓಡೋ ಬೈಕನ್ನೂ ಮೀಟರ್ ನೋಡಿ ಹೋಲಿಸ್ತೀರಾ? ಕಾಲೇಜ್ ಯಾರ್ಡ್ ನೋಡಿ ಹೊಸಬನನ್ನ ಅಳೆಯೋರು ಅದನ್ನೇ ಮಾಡ್ತಿರೋದು. ಇನ್ನು ಬರೀ ಕಾಲಿನ ವೇಗ ಅಂತೀರಾ, ಪಚೆಕೊ 40 ಯಾರ್ಡನ್ನ 4.37 ಸೆಕೆಂಡಲ್ಲಿ ಓಡಿದ್ದ. ಆ ನಂಬರ್ ಎಲ್ಲ ತಂಡಗಳ ಮುಂದೆಯೂ ಇತ್ತು.

4/10

ಈಗ ರೀಲ್ ಗಿರಾಕಿಗಳ ಸರದಿ.

2020ರ ಸೆಪ್ಟೆಂಬರ್ 10. ಸೀಸನ್ನಿನ ಮೊಟ್ಟಮೊದಲ ಆಟ, ಚೀಫ್ಸ್ ಎದುರು ಹ್ಯೂಸ್ಟನ್ ಟೆಕ್ಸನ್ಸ್. ಎಡ್ವರ್ಡ್ಸ್-ಎಲೇರ್‌ಗೆ ಅದು ಜೀವನದ ಮೊದಲ ಎನ್‌ಎಫ್‌ಎಲ್ ಪಂದ್ಯ. 25 ಓಟ, 138 ಯಾರ್ಡ್, ಒಂದು ಟಚ್‌ಡೌನ್. ತಂಡಕ್ಕೆ 34-20 ಗೆಲುವು. ಇಂಥ ರಾತ್ರಿ ಆದ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತೆ? ಮಹೋಮ್ಸ್ ಎಸೆತಕ್ಕೆ ಈ ಹುಡುಗನ ಓಟ ಸೇರಿದ್ರೆ ಇನ್ನು ಹತ್ತು ವರ್ಷ ಯಾರೂ ಮುಟ್ಟೋಕಾಗಲ್ಲ ಅನ್ನೋ ಮಾತು.

ಆ ವರ್ಷದ ಕೊನೆಗೆ ಲೆಕ್ಕ: 181 ಓಟ, 803 ಯಾರ್ಡ್, 4 ಟಚ್‌ಡೌನ್. ಕೆಟ್ಟದ್ದಲ್ಲ. ಆದ್ರೆ ಒಂದೇ ರಾತ್ರೀಲಿ 138 ಬಂದಿದ್ದಕ್ಕೆ, ಉಳಿದೆಲ್ಲ ಆಟ ಸೇರಿ 665. ಇದು ಅವನ ಅತಿ ಒಳ್ಳೆಯ ವರ್ಷವಾಗೇ ಉಳೀತು. ಮುಂದೆ ಗಾಯಗಳು ಬಂದವು, ಓಟ ಕಮ್ಮಿ ಆಯ್ತು.

ಅದೇ ಡ್ರಾಫ್ಟ್‌ನಲ್ಲಿ 41ನೇ ಆಯ್ಕೆಯಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಹೋದ ಜೊನಾಥನ್ ಟೇಲರ್ 2021ರಲ್ಲಿ 1811 ಯಾರ್ಡ್ ಓಡಿದ, 18 ಟಚ್‌ಡೌನ್. ಒಂಬತ್ತು ಸ್ಥಾನ ಹಿಂದಿನವನು. ಅಂದ್ರೆ 32 ಅನ್ನೋ ನಂಬರ್ ಯಾವ ಗ್ಯಾರಂಟಿ ಕಾರ್ಡೂ ಅಲ್ಲ. ಏಪ್ರಿಲ್ ತಿಂಗಳ ಒಂದು ರಾತ್ರಿ, ಆರಿಸೋರು ಮಾಡಿದ ಅಂದಾಜು.

ಒಂದು ಮಾತು ಸ್ಪಷ್ಟವಾಗಿ: ಎಡ್ವರ್ಡ್ಸ್-ಎಲೇರ್‌ನ ಬೈಯೋದು ನನ್ನ ಉದ್ದೇಶ ಅಲ್ಲ. ತನ್ನನ್ನ 32ನೇ ನಂಬರಲ್ಲಿ ಆರಿಸಿ ಅಂತ ಅವನು ಅರ್ಜಿ ಹಾಕಿರಲಿಲ್ಲ. ಬೆಲೆ ಕಟ್ಟಿದವರು ಬೇರೆ, ಆ ಬೆಲೆ ಸಲುವಾಗಿ ಬೈಸಿಕೊಂಡವನು ಬೇರೆ. "ಬಸ್ಟ್" ಅಂತ ಕಾಮೆಂಟ್ ಹಾಕೋರು ಈ ವ್ಯತ್ಯಾಸ ನೋಡೋದೇ ಇಲ್ಲ.

5/10

2022. ಪಚೆಕೊ ಬಂದಾಗ ತಂಡದಲ್ಲಿ ಯಾರ್ಯಾರಿದ್ರು? ಮೊದಲ ರೌಂಡಿನ ಎಡ್ವರ್ಡ್ಸ್-ಎಲೇರ್. ಅನುಭವಿ ಜೆರಿಕ್ ಮೆಕಿನನ್. ಟ್ಯಾಂಪಾ ಬೇಯಿಂದ ಬಂದ ರೊನಾಲ್ಡ್ ಜೋನ್ಸ್, ಅವನು 2020ರಲ್ಲಿ ಅಲ್ಲಿ 978 ಯಾರ್ಡ್ ಓಡಿ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದವನು. ಇವರ ನಡುವೆ 251ನೇ ಹುಡುಗ.

ಮೊದಲ ಆಟ ಅರಿಜೋನಾ ಮೇಲೆ. ತಂಡ ಆಗಲೇ ಬಹಳ ಮುಂದಿತ್ತು, ಕೊನೇಲಿ ಇವನನ್ನ ಬಿಟ್ರು. 12 ಓಟ, 62 ಯಾರ್ಡ್, ಒಂದು ಟಚ್‌ಡೌನ್. ರೀಲ್ ಆಯ್ತು. ಆದ್ರೆ ಕೋಚ್ ಆಂಡಿ ರೀಡ್ ಅದನ್ನ ನೋಡಿ ಮಾರನೇ ವಾರವೇ ಕಿರೀಟ ಇಡಲಿಲ್ಲ. ಸೋಲು ಗೆಲುವು ತೀರ್ಮಾನ ಆದ ಮೇಲೆ ಓಡಿದ ಯಾರ್ಡ್‌ಗೆ ಎಷ್ಟು ಬೆಲೆ ಅಂತ ಅವರಿಗೆ ಗೊತ್ತು. ಕಿಕ್‌ಆಫ್ ವಾಪಸ್ ತರೋ ಕೆಲಸ ಕೊಟ್ರು, ಮಧ್ಯೆ ಮಧ್ಯೆ ಕೆಲವು ಓಟ.

ಏಳನೇ ವಾರ, ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ, ಶುರುವಿನಿಂದ ಇವನನ್ನೇ ಇಳಿಸಿದ್ರು. ಇದನ್ನ ಗಮನಿಸಿ: ಎಡ್ವರ್ಡ್ಸ್-ಎಲೇರ್ ಆಗ ಗಾಯಗೊಂಡಿರಲಿಲ್ಲ. ಅದೇ ಆಟದಲ್ಲಿ ಅವನೂ ಓಡಿದ. "ಅವನಿಗೆ ಪೆಟ್ಟಾಯ್ತು, ಇವನಿಗೆ ಲಾಟರಿ ಹೊಡೀತು" ಅನ್ನೋರ ಕಥೆ ಇಲ್ಲಿಗೆ ಮುಗೀತು. ಅವನ ಪಾದದ ಕೀಲಿಗೆ ಪೆಟ್ಟಾಗಿದ್ದು ನವೆಂಬರಲ್ಲಿ, ಇವನು ಜಾಗ ಹಿಡಿದು ನಾಲ್ಕು ವಾರ ಆದ ಮೇಲೆ.

ಟೆನೆಸಿ ಟೈಟನ್ಸ್ ಎದುರು ಪಚೆಕೊ 5 ಸಲ ಓಡಿ 5 ಯಾರ್ಡ್ ತಂದ. ಹೌದು, ಐದಕ್ಕೆ ಐದು. ಅವತ್ತು ಮಹೋಮ್ಸ್ 68 ಸಲ ಎಸೆದು ಹೇಗೋ ತಂಡ ಗೆಲ್ಲಿಸಿದ್ರು. ಮೂರು ಆಟದಲ್ಲಿ ತೀರ್ಪು ಕೊಡೋರ ಕೈಲಿ ತಂಡ ಇದ್ದಿದ್ರೆ ಪಚೆಕೊ ಅವತ್ತೇ ಬೆಂಚಿಗೆ. ರೀಡ್ ಬದಲಾಯಿಸಲಿಲ್ಲ. ಎರಡು ವಾರದ ನಂತರ ಚಾರ್ಜರ್ಸ್ ಮೇಲೆ 15 ಓಟಕ್ಕೆ 107 ಯಾರ್ಡ್.

ಸೀಸನ್ ಮುಗಿದಾಗ 170 ಓಟ, 830 ಯಾರ್ಡ್, ಸರಾಸರಿ 4.9. ಅದೇ ವರ್ಷ, ಅದೇ ಲೈನ್ ಹಿಂದೆ, ಅದೇ ಮಹೋಮ್ಸ್ ಪಕ್ಕದಲ್ಲಿ ಎಡ್ವರ್ಡ್ಸ್-ಎಲೇರ್ 71 ಓಟಕ್ಕೆ 302 ಯಾರ್ಡ್, ಸರಾಸರಿ 4.3. ಇಬ್ಬರನ್ನ ಹೋಲಿಸೋಕೆ ಇದಕ್ಕಿಂತ ನ್ಯಾಯವಾದ ತಕ್ಕಡಿ ಬೇಕಾ?

6/10

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಬಿಕಾಂ ಕ್ಲಾಸಲ್ಲಿ ನಿದ್ದೆ ಮಾಡಿದ್ರೂ ಸಂಕ್ ಕಾಸ್ಟ್ ಅನ್ನೋ ಪದ ಕಿವಿಗೆ ಬಿದ್ದಿರುತ್ತೆ. ಆಗಲೇ ಖರ್ಚಾಗಿ ಹೋದ ದುಡ್ಡು, ಏನು ಮಾಡಿದ್ರೂ ವಾಪಸ್ ಬರದೇ ಇರೋದು. ಮುಂದಿನ ತೀರ್ಮಾನಕ್ಕೆ ಅದನ್ನ ಲೆಕ್ಕಕ್ಕೆ ತಗೋಬಾರದು. ಮೆಸ್‌ಗೆ ತಿಂಗಳ ದುಡ್ಡು ಕಟ್ಟಿದೀನಿ ಅಂತ ಹಳಸಿದ ಸಾಂಬಾರ್ ತಿಂದ್ರೆ ದುಡ್ಡೂ ವಾಪಸ್ ಬರಲ್ಲ, ಹೊಟ್ಟೇನೂ ಕೆಡುತ್ತೆ.

ಡ್ರಾಫ್ಟ್ ಪಿಕ್ ಅಂದ್ರೆ ಶುದ್ಧ ಸಂಕ್ ಕಾಸ್ಟ್. ಆಯ್ಕೆ ಆದ ಕ್ಷಣಕ್ಕೆ ಅದು ಖರ್ಚಾಯ್ತು. ಆಮೇಲೆ ಆ ಹುಡುಗನನ್ನ ನೂರು ಸಲ ಓಡಿಸಿದ್ರೂ, ಸಾವಿರ ಸಲ ಓಡಿಸಿದ್ರೂ ಆ ಪಿಕ್ ವಾಪಸ್ ಬರಲ್ಲ.

ಇದನ್ನ ಮರೆತವರಿಗೆ ಏನಾಯ್ತು ನೋಡಿ. ಟ್ರೆಂಟ್ ರಿಚರ್ಡ್‌ಸನ್, 2012, ಇಡೀ ಡ್ರಾಫ್ಟ್‌ಗೆ ಮೂರನೇ ಆಯ್ಕೆ. ಒಂದೇ ಒಂದು ಸ್ಥಾನ ಮೇಲೆ ಬಂದು ಇವನನ್ನ ಹಿಡಿಯೋಕೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಬೇರೆ ಮೂರು ಪಿಕ್ ಬಿಟ್ಟುಕೊಡ್ತು. ಮೊದಲ ವರ್ಷ 267 ಓಟ, 950 ಯಾರ್ಡ್. ದೊಡ್ಡ ನಂಬರ್ ಥರ ಕಾಣುತ್ತೆ, ಭಾಗಿಸಿ ನೋಡಿ: ಓಟಕ್ಕೆ 3.6. ಎರಡನೇ ಸೀಸನ್ ಶುರುವಾಗಿ ಎರಡೇ ಆಟಕ್ಕೆ ಬ್ರೌನ್ಸ್ ಅವನನ್ನ ಮಾರಿಬಿಡ್ತು. ಕೊಂಡಿದ್ದು ಕೋಲ್ಟ್ಸ್, ಕೊಟ್ಟಿದ್ದು ಮುಂದಿನ ವರ್ಷದ ಮೊದಲ ರೌಂಡಿನ ಪಿಕ್.

ಬ್ರೌನ್ಸ್ ಹೋದ ಖರ್ಚನ್ನ ಹೋಯ್ತು ಅಂತ ಒಪ್ಕೊಂಡು ಕೈ ತೊಳ್ಕೊಂಡ್ರು. ಕೋಲ್ಟ್ಸ್ ಅದನ್ನ ಮೈಮೇಲೆ ಎಳ್ಕೊಂಡ್ರು. ಅಷ್ಟು ಕೊಟ್ಟು ತಂದಿದೀವಲ್ಲ, ಆಡಿಸಲೇಬೇಕು. ಆ ವರ್ಷ ಅಲ್ಲಿ ಅವನ 157 ಓಟಕ್ಕೆ 458 ಯಾರ್ಡ್, ಸರಾಸರಿ ಮೂರಕ್ಕೂ ಕಮ್ಮಿ. ಅದೇ ತಂಡದಲ್ಲಿ, ಅದೇ ಲೈನ್ ಹಿಂದೆ ಡೊನಾಲ್ಡ್ ಬ್ರೌನ್ 102 ಓಟಕ್ಕೆ 537. ಸರಾಸರಿ 5.3! ಕಮ್ಮಿ ಓಡಿ ಜಾಸ್ತಿ ತಂದವನು ಪಕ್ಕದಲ್ಲೇ ಇದ್ದಾಗಲೂ ಹೆಚ್ಚು ಓಟ ಸಿಕ್ಕಿದ್ದು ದುಬಾರಿ ಹುಡುಗನಿಗೆ. ಎರಡು ಸೀಸನ್ ಆದ ಮೇಲೆ 2015ರ ಮಾರ್ಚಲ್ಲಿ ಅವನನ್ನ ಬಿಟ್ಟು ಕಳಿಸಿದ್ರು.

ಇಂಟರ್ನಲ್ಸ್‌ನಲ್ಲಿ ಐದು ಮಾರ್ಕಿಗೆ ಬರೋ ಪ್ರಶ್ನೆ ಇದು. ಅವರು ಫೇಲ್ ಆದ್ರು.

7/10

ಈಗ ಎದುರು ವಾದ. ಡಿಎಂನಲ್ಲಿ ಬರೋಕೆ ಮುಂಚೆ ನಾನೇ ಹೇಳಿಬಿಡ್ತೀನಿ.

"ಪಚೆಕೊ ಒಬ್ಬ ಸಿಕ್ಕ ಅಂತ ಏಳನೇ ರೌಂಡಿನವರೆಲ್ಲ ಹೀರೋನಾ?" ಅಲ್ಲವೇ ಅಲ್ಲ. ಏಳನೇ ರೌಂಡಲ್ಲಿ ಬಂದವರಲ್ಲಿ ಎಷ್ಟೋ ಜನ 53 ಜನರ ತಂಡದ ಪಟ್ಟಿಗೇ ಸೇರಲ್ಲ. ಅಗ್ಗದವನೇ ಒಳ್ಳೆಯವನು ಅನ್ನೋದೂ ಬೆಲೆ ನೋಡಿ ತೀರ್ಪು ಕೊಟ್ಟ ಹಾಗೇ ಆಯ್ತು. ಅದೇ ರೋಗ, ಬೇರೆ ಅಂಗಿ. ಬಡ ಹುಡುಗ ಗೆದ್ದ ಕಥೆ ನಮಗೆಲ್ಲ ಇಷ್ಟ, ಅದಕ್ಕೆ ಹಿನ್ನೆಲೆ ಮ್ಯೂಸಿಕ್ ಹಾಕಿ ರೀಲ್ ಮಾಡ್ತೀವಿ. ಆದ್ರೆ ತಂಡ ಕಟ್ಟೋದು ಕಥೆ ಬರೆಯೋದಲ್ಲ.

ಅದಕ್ಕೇ ಇನ್ನೊಂದು ಉದಾಹರಣೆ, ಈ ಸಲ ದುಬಾರಿ ಹುಡುಗನದು. ಜಮೀರ್ ಗಿಬ್ಸ್, 2023, ಡೆಟ್ರಾಯಿಟ್ ಲಯನ್ಸ್, 12ನೇ ಆಯ್ಕೆ. ರನ್ನಿಂಗ್ ಬ್ಯಾಕ್‌ಗೆ ಅಷ್ಟು ಮೇಲಿನ ಪಿಕ್ ಹಾಳು ಮಾಡಿದ್ರು ಅಂತ ಎಷ್ಟೋ ಜನ ನಕ್ಕರು. ಮೊದಲ ಆಟ ಚೀಫ್ಸ್ ಮೇಲೆ: ಗಿಬ್ಸ್‌ಗೆ ಬರೀ 7 ಓಟ, 42 ಯಾರ್ಡ್. ಡೇವಿಡ್ ಮಾಂಟ್ಗಮರಿಗೆ 21 ಓಟ, 74 ಯಾರ್ಡ್. ಈಗ ಕೂಗಾಟ ತಿರುಗಿತು: "12ನೇ ಪಿಕ್ ಕೊಟ್ಟು ತಂದು ಕೂರಿಸ್ತಾರಾ?"

ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಎರಡು ಗುಂಪಿಗೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸ ಹಂಚಿದ್ರು. ಅಕ್ಟೋಬರ್ 30ಕ್ಕೆ ರೇಡರ್ಸ್ ವಿರುದ್ಧ ಮಾಂಟ್ಗಮರಿ ಗಾಯದಿಂದ ಹೊರಗಿದ್ದಾಗ ಗಿಬ್ಸ್ 26 ಓಟಕ್ಕೆ 152 ಯಾರ್ಡ್ ತಂದ. ಆಮೇಲೆ ಮಾಂಟ್ಗಮರಿ ವಾಪಸ್ ಬಂದಾಗ ಇಬ್ಬರಲ್ಲಿ ಯಾರನ್ನೂ ಮೂಲೆಗೆ ತಳ್ಳಲಿಲ್ಲ. ವರ್ಷದ ಕೊನೆಗೆ ಗಿಬ್ಸ್ 945 ಯಾರ್ಡ್, 10 ಟಚ್‌ಡೌನ್. ಮಾಂಟ್ಗಮರಿ 1015 ಯಾರ್ಡ್, 13 ಟಚ್‌ಡೌನ್. ಮುಂದಿನ ವರ್ಷ ಗಿಬ್ಸ್ ಒಬ್ಬನೇ 1412.

251ನೇಯವನಿಗೂ 12ನೇಯವನಿಗೂ ಒಂದೇ ನಿಯಮ ಹಾಕಿದ್ರು: ಮಾಡಿ ತೋರಿಸು, ಮಾಡಿದಷ್ಟಕ್ಕೆ ಇನ್ನಷ್ಟು ಕೊಡ್ತೀವಿ. ನಾನು ಕೇಳ್ತಿರೋದು ಇಷ್ಟೇ.

8/10

"ಮಾಡಿ ತೋರಿಸು ಅಂದ್ರೆ ಏನು ಮಾಡಬೇಕು?" ಒಳ್ಳೆ ಪ್ರಶ್ನೆ. ಇಲ್ಲೇ ರೀಲ್ ನಿಮಗೆ ಮೋಸ ಮಾಡೋದು. ಓಡೋದು ಅವನ ಕೆಲಸದ ಒಂದು ಭಾಗ ಅಷ್ಟೇ.

ಒಂದು, ಕಾವಲು. ಎಸೆಯೋ ಆಟದಲ್ಲಿ ಎದುರಾಳಿ ಜಾಸ್ತಿ ಜನರನ್ನ ಕ್ವಾರ್ಟರ್‌ಬ್ಯಾಕ್ ಮೇಲೆ ಬಿಡ್ತಾರೆ, ಅದು ಬ್ಲಿಟ್ಜ್. ಆಗ ಯಾರು ಎಲ್ಲಿಂದ ಬರ್ತಾನೆ ಅಂತ ಕಣ್ಣು ಮಿಟುಕಿಸೋದ್ರಲ್ಲಿ ಓದಿ, ಮೈ ಅಡ್ಡ ಇಟ್ಟು ತಡೀಬೇಕಾದವನು ರನ್ನಿಂಗ್ ಬ್ಯಾಕ್. 2020ರಲ್ಲಿ ಮಹೋಮ್ಸ್ ಸಹಿ ಹಾಕಿದ ಕರಾರು ಹತ್ತು ವರ್ಷಕ್ಕೆ 45 ಕೋಟಿ ಡಾಲರ್. ಹೊಸಬ ಒಂದು ಸಲ ತಪ್ಪು ಕಡೆ ನೋಡಿದ್ರೆ ಆ 45 ಕೋಟಿ ನೆಲಕ್ಕೆ. ಕೋಚ್‌ಗಳು ಮೂರನೇ ಡೌನಲ್ಲಿ ಹೊಸಬರನ್ನ ಹೊರಗೆ ಕರೆಯೋದಕ್ಕೆ ದೊಡ್ಡ ಕಾರಣ ಇದು. ಇದು ಹೊಟ್ಟೆಕಿಚ್ಚಲ್ಲ, ಸೀನಿಯಾರಿಟಿ ದರ್ಬಾರೂ ಅಲ್ಲ. ಚೀಫ್ಸ್ ಕೂಡ ಆ ಕೆಲಸ ಮೆಕಿನನ್‌ಗೇ ಬಿಟ್ರು, ಅವನು ಆ ವರ್ಷ ಎಸೆತ ಹಿಡಿದೇ 9 ಟಚ್‌ಡೌನ್ ಮಾಡಿದ. ಪಚೆಕೊಗೆ ಬರೋ ಕೆಲಸ ಪಚೆಕೊಗೆ, ಮೆಕಿನನ್‌ಗೆ ಬರೋದು ಮೆಕಿನನ್‌ಗೆ. "ನಂಬರ್ ಒನ್ ಯಾರು?" ಅನ್ನೋ ಪ್ರಶ್ನೆಯೇ ಅಲ್ಲಿ ಬೇಕಾಗಿರಲಿಲ್ಲ.

ಎರಡು, ಚೆಂಡು ಬಿಡದೇ ಇರೋದು. ಹತ್ತು ಒಳ್ಳೆ ಓಟಾನ ಒಂದು ಫಂಬಲ್ ನುಂಗಿಹಾಕುತ್ತೆ.

ಮೂರು, ಖಾಲಿ ಕೈಲೂ ಕೆಲಸ ಮಾಡೋದು. ಚೆಂಡು ಕೊಟ್ಟ ಹಾಗೆ ನಟಿಸಿದಾಗ ನಿಜವಾಗಿ ಸಿಕ್ಕಿದ ಹಾಗೆ ನುಗ್ಗೋದು, ಕಿಕ್‌ಆಫ್‌ನಲ್ಲಿ ಮೈ ಒಡ್ಡೋದು. ರೀಲ್‌ಗೆ ಬರಲ್ಲ, ಸಂಬಳ ಉಳಿಸೋದು ಇದೇ.

ನಾಲ್ಕು, ಆಟದ ಬುದ್ಧಿ. 2023ರ ಫೆಬ್ರವರಿ 12ರ ಸೂಪರ್ ಬೌಲ್ ನೆನಪಿಸ್ಕೊಳ್ಳಿ, ನಮಗೆ ಸೋಮವಾರ ಬೆಳಗ್ಗೆ ಐದಕ್ಕೆ ಶುರುವಾಗಿದ್ದು. ಈಗಲ್ಸ್ ಎದುರು 35-35 ಸಮ, ಆಟ ಮುಗಿಯೋಕೆ ಎರಡು ನಿಮಿಷವೂ ಇಲ್ಲ. ಮೆಕಿನನ್ ಕೈಲಿ ಚೆಂಡು, ಮುಂದೆ ದಾರಿ ಖಾಲಿ, ಟಚ್‌ಡೌನ್ ಬಾಯಿಗೆ ಬಂದ ತುತ್ತು. ಅವನು ಗೆರೆಗೆ ಎರಡು ಯಾರ್ಡ್ ಮೊದಲೇ ಬೇಕಂತಲೇ ಜಾರಿ ಬಿದ್ದ. ಯಾಕೆ? ಅಂಕ ಹೊಡೆದಿದ್ರೆ ಎದುರಾಳಿಗೆ ಚೆಂಡೂ ಸಿಗ್ತಿತ್ತು, ಸಮಯಾನೂ ಸಿಗ್ತಿತ್ತು. ಗಡಿಯಾರ ಕರಗಿಸಿ, 8 ಸೆಕೆಂಡ್ ಉಳಿದಾಗ ಫೀಲ್ಡ್ ಗೋಲ್ ಹೊಡೆದ್ರು. 38-35.

ಒಬ್ಬ ರನ್ನಿಂಗ್ ಬ್ಯಾಕ್ ಸೂಪರ್ ಬೌಲಲ್ಲಿ ಟಚ್‌ಡೌನ್ ಬಿಟ್ಟುಕೊಟ್ಟ. ಸ್ಕೋರ್‌ಕಾರ್ಡಲ್ಲಿ ಅದಕ್ಕೆ ಒಂದು ಕಾಲಂ ಇಲ್ಲ. ಅದೇ ಆಟದಲ್ಲಿ ಪಚೆಕೊ 15 ಓಟಕ್ಕೆ 76 ಯಾರ್ಡ್, ಒಂದು ಟಚ್‌ಡೌನ್. ಇಬ್ಬರೂ ಗೆಲ್ಲಿಸಿದ್ರು, ಆದ್ರೆ ರೀಲಲ್ಲಿ ಕಾಣೋದು ಒಬ್ಬ.

9/10

"ಯಾರು ಓಡಿದ್ರೆ ನಮಗೇನು, ಟೈಂಪಾಸ್ ತಾನೇ?" ಅನ್ನೋರಿಗೆ ಈ ಭಾಗ.

ಆ ಹುಡುಗರಿಗೆ ಇದು ಹೊಟ್ಟೆಪಾಡು. ಡ್ರಾಫ್ಟ್ ಆದವನ ಮೊದಲ ಕರಾರು ನಾಲ್ಕು ವರ್ಷ, ಮೊತ್ತ ಆಯ್ಕೆಯ ನಂಬರಿಗೆ ತಕ್ಕ ಹಾಗೆ ಬಹುಪಾಲು ಮೊದಲೇ ನಿಗದಿ. ಎಡ್ವರ್ಡ್ಸ್-ಎಲೇರ್‌ಗೆ ನಾಲ್ಕು ವರ್ಷಕ್ಕೆ ಸುಮಾರು 1 ಕೋಟಿ 8 ಲಕ್ಷ ಡಾಲರ್. ಪಚೆಕೊಗೆ ಸುಮಾರು 37 ಲಕ್ಷ. ಮೂರು ಸೀಸನ್ ಮುಗಿಯೋವರೆಗೆ ಸಂಬಳ ಜಾಸ್ತಿ ಮಾಡಿ ಅಂತ ಕೂತು ಮಾತಾಡೋಕೂ ನಿಯಮ ಬಿಡಲ್ಲ. ಮೊದಲ ವರ್ಷವೇ ತಂಡದ ಮುಖ್ಯ ಓಟಗಾರನಾದ್ರೂ ಅಷ್ಟೇ.

ಸರಿ, ನಾಲ್ಕು ವರ್ಷ ಆದ ಮೇಲೆ ದುಡ್ಡು ಬರುತ್ತಲ್ಲ ಅಂತೀರಾ? ಜಾಶ್ ಜೇಕಬ್ಸ್‌ನ ನೋಡಿ. 2022ರಲ್ಲಿ ಇಡೀ ಲೀಗಿಗೆ ಅತಿ ಹೆಚ್ಚು ಓಡಿದವನು, 1653 ಯಾರ್ಡ್. 2023ರ ಜುಲೈನಲ್ಲಿ ಅವನಿಗೂ ಸೇಕ್ವಾನ್ ಬಾರ್ಕ್ಲಿಗೂ ಗಡುವಿನೊಳಗೆ ದೀರ್ಘಾವಧಿ ಕರಾರು ಸಿಗಲಿಲ್ಲ. ತಂಡಗಳ ಲೆಕ್ಕ ಸರಳ: ಈ ಜಾಗದಲ್ಲಿ ಮೈ ಬೇಗ ಸವೆಯುತ್ತೆ, ಹೊಸಬ ಅಗ್ಗಕ್ಕೆ ಸಿಗ್ತಾನೆ.

ಪಚೆಕೊಗೆ ಏನಾಯ್ತು? 2023ರಲ್ಲಿ 935 ಯಾರ್ಡ್, ಎರಡನೇ ಸೂಪರ್ ಬೌಲ್ ಉಂಗುರ. 2024ರ ಎರಡನೇ ಆಟದಲ್ಲೇ ಕಾಲಿನ ಮೂಳೆ ಮುರೀತು. ಆ ವರ್ಷ ಒಟ್ಟು 83 ಓಟ, 310 ಯಾರ್ಡ್, ಸರಾಸರಿ 3.7. ಅಂದ್ರೆ ಒಳ್ಳೆ ಕಾಲ ಅವನಿಗೆ ಸಿಕ್ಕಿದ್ದು ಎರಡು ವರ್ಷ. ಎರಡೇ. 2022ರಲ್ಲಿ ರೀಡ್ "ಮೊದಲ ರೌಂಡಿನವನಿಗೆ ಇನ್ನೊಂದು ವರ್ಷ ಕೊಡೋಣ, ಈ ಹುಡುಗ ಕಾಯಲಿ" ಅಂದಿದ್ದಿದ್ರೆ? ಅರ್ಧ ಅಲ್ಲೇ ಹೋಗ್ತಿತ್ತು.

ಬೇರೆ ಯಾರೋ ಕಟ್ಟಿದ ತಪ್ಪು ಬೆಲೆಗೆ ಬೆಂಚಲ್ಲಿ ಕೂತ ವರ್ಷ ವಾಪಸ್ ಬರಲ್ಲ. ಬೆಲೆ ಜಾಸ್ತಿ ಅಂತ ಸಿದ್ಧವಿಲ್ಲದವನನ್ನ ನುಗ್ಗಿಸಿ ಅವನ ಮೈಗೆ ಬಿದ್ದ ಪೆಟ್ಟೂ ವಾಪಸ್ ಹೋಗಲ್ಲ. ಪಿಕ್ ನಂಬರಿನ ಹುಚ್ಚಿಗೆ ದಂಡ ಕಟ್ಟೋದು ಎರಡೂ ಸಲ ಆಟಗಾರನೇ. ಆರಿಸಿದ ಮ್ಯಾನೇಜರ್ ಸೂಟ್ ಹಾಕ್ಕೊಂಡು ಮುಂದಿನ ಡ್ರಾಫ್ಟ್‌ಗೆ ಹೋಗ್ತಾನೆ.

10/10

ಹಾಗಾದ್ರೆ ನಾವು ನೋಡೋರು ಏನು ಮಾಡಬೇಕು? ಮುಂದಿನ ಸಲ ಹೊಸ ಹುಡುಗನ ಬಗ್ಗೆ ಕಾಮೆಂಟ್ ಹಾಕೋಕೆ ಮುಂಚೆ ಇಷ್ಟು ಮಾಡಿ.

ಅವನ ಯಾರ್ಡನ್ನ ಪಕ್ಕದವನ ಯಾರ್ಡ್ ಜೊತೆ ಇಟ್ಟು ನೋಡಿ. ಬೇರೆ ತಂಡದವನ ಜೊತೆ ಬೇಡ. ಒಂದೇ ಲೈನ್ ಹಿಂದೆ ಓಡಿದವರಲ್ಲಿ ಯಾರು ಜಾಸ್ತಿ ತಂದ್ರು?

ಓಟ ಬಂದಿದ್ದು ಯಾವಾಗ? ಇಪ್ಪತ್ತು ಅಂಕ ಮುಂದಿದ್ದಾಗ ಕೊನೇಲಾ, ಇಲ್ಲಾ ಸಮ ಇದ್ದಾಗಲಾ?

ಚೆಂಡು ಕೈಲಿಲ್ಲದಾಗ ಏನು ಮಾಡ್ತಿದಾನೆ? ಒಂದು ಆಟದಲ್ಲಿ ಐದೇ ಐದು ಸಲ ಚೆಂಡು ಬಿಟ್ಟು ಅವನನ್ನೇ ನೋಡಿ. ಬ್ಲಿಟ್ಜ್ ಬಂದಾಗ ಸರಿಯಾದವನನ್ನ ತಡೆದನಾ? ಹತ್ತು ರೀಲ್ ಹೇಳದೇ ಇರೋದನ್ನ ಆ ಐದು ಸ್ನ್ಯಾಪ್ ಹೇಳುತ್ತೆ.

ಕೋಚ್ ಒಂದು ಕೆಟ್ಟ ಆಟದ ಮೇಲೂ ಅವನಿಗೆ ಮತ್ತೆ ಚೆಂಡು ಕೊಡ್ತಿದಾರಾ? ಕೊಡ್ತಿದ್ರೆ ಪ್ರಾಕ್ಟೀಸಲ್ಲಿ ನಮಗೆ ಕಾಣದ ಏನೋ ಅವರಿಗೆ ಕಂಡಿದೆ. ಐದಕ್ಕೆ ಐದು ಯಾರ್ಡ್ ಬಂದ ವಾರದ ಮೇಲೂ ಪಚೆಕೊ ಉಳಿದಿದ್ದು ಹಾಗೆ.

ಎಷ್ಟನೇ ಪಿಕ್ ಅನ್ನೋದನ್ನ ಕೊನೇಲಿ ನೋಡಿ. ಆರಿಸಿದ ಮ್ಯಾನೇಜರ್‌ಗೆ ಮಾರ್ಕ್ ಹಾಕೋಕೆ ಆ ನಂಬರ್ ಬಳಸಿ, ಓಡೋ ಹುಡುಗನಿಗೆ ಮಾರ್ಕ್ ಹಾಕೋಕೆ ಬೇಡ. ಎರಡು ಬೇರೆ ಬೇರೆ ಉತ್ತರಪತ್ರಿಕೆ.

ಒಪ್ಪದೇ ಇರೋರು ಬನ್ನಿ, ಜಗಳ ಆಡೋಣ. ಆದ್ರೆ ಒಂದು ಶರತ್ತು: "ಫಸ್ಟ್ ರೌಂಡ್" ಅನ್ನೋ ಪದ ಬಳಸದೆ ನಿಮ್ಮ ಹುಡುಗ ಯಾಕೆ ಆಡಬೇಕು ಅಂತ ಮೂರು ಸಾಲು ಬರೀರಿ. ಬರೆಯೋಕಾದ್ರೆ ನಿಮ್ಮ ಜೊತೆ ನಾನೂ ಕೂಗ್ತೀನಿ, ಅವನನ್ನ ಇಳಿಸಿ ಅಂತ. ಆಗಲಿಲ್ಲ ಅಂದ್ರೆ, ಅವನು ಬೆಂಚಲ್ಲಿ ಯಾಕಿದಾನೆ ಅನ್ನೋದಕ್ಕೆ ಉತ್ತರ ನಿಮ್ಮ ಹತ್ರಾನೇ ಇದೆ.

#ಎನ್‌ಎಫ್‌ಎಲ್‌ಕನ್ನಡ #ರನ್ನಿಂಗ್‌ಬ್ಯಾಕ್ #ಪಚೆಕೊ #ಸಂಕ್‌ಕಾಸ್ಟ್ #ಬಿಕಾಂಹುಡುಗರು